ಪುತ್ತೂರಲ್ಲಿ 33, ಬೆಂಗಳೂರಲ್ಲಿ 31: ಹಳೆ ಕಾರಿಗೆ ಟಿಪಿಎಂಎಸ್ ಹಾಕಿಸಿದ ಒಂದು ಪ್ರಕರಣ

ಕಾರು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಳದರ್ಜೆಯ ವೇರಿಯಂಟ್. 14 ಇಂಚಿನ ಕಬ್ಬಿಣದ ರಿಮ್, ಅದರ ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್, ಟ್ಯೂಬ್‌ಲೆಸ್ ಟೈರು. ಓಡಿಸುವವರು ನಮ್ಮ ಭಾವ. ಮನೆ ಪುತ್ತೂರಿನ ಹತ್ತಿರ, ಮಗಳು ಓದುತ್ತಿರುವುದು ಬೆಂಗಳೂರಿನಲ್ಲಿ. ಹೀಗಾಗಿ ಉಪ್ಪಿನಂಗಡಿ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ, ನೆಲಮಂಗಲದ ದಾರಿ ಈ ಕಾರಿಗೆ ಬಾಯಿಪಾಠ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ನಾಲ್ಕೂ ಚಕ್ರಕ್ಕೆ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಎಂದು ಬರೆದಿದೆ. ಟೈರಿನ ಆ ಒತ್ತಡವನ್ನು ಕಾರು ಓಡುವಾಗಲೇ ಅಳೆದು ತೋರಿಸುವ ಟಿಪಿಎಂಎಸ್ ಎಂಬ ವ್ಯವಸ್ಥೆಯನ್ನು ಈ ಕಾರಿಗೆ ಹಾಕಿಸಿದ ಕಥೆ ಇದು.

ಪ್ರಕರಣ ಶುರುವಾದದ್ದು ಒಂದು ಮೊಳೆಯಿಂದ. ಹಾಸನ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಹಿಂದಿನ ಬಲಗಡೆಯ ಚಕ್ರದಿಂದ ರಬ್ಬರ್ ಬೆಂದ ವಾಸನೆ ಬರುತ್ತಿತ್ತು. ಮೊಳೆ ತೀರ ಸಣ್ಣದು, ತೂತು ಹತ್ತು ನಿಮಿಷದಲ್ಲಿ ಮುಚ್ಚುವಂಥದ್ದು. ಆದರೆ ಪಂಕ್ಚರ್ ಅಂಗಡಿಯವರು ಟೈರು ಕಳಚಿ ಒಳಗೆ ಕೈಯಾಡಿಸಿದರೆ ಅಂಗೈ ತುಂಬ ಕಪ್ಪು ಪುಡಿ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಒಂದೊಂದು ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಕಾಯುತ್ತದೆ, ಒಳಪದರ ಉಜ್ಜಿ ಪುಡಿಯಾಗುತ್ತದೆ. ಅಂಥ ಟೈರಿಗೆ ಮತ್ತೆ ಗಾಳಿ ತುಂಬಿ ಓಡಿಸುವುದು ಅಪಾಯ. ಮೊಳೆ ಚುಚ್ಚಿದ ಟೈರು ಬದುಕುತ್ತಿತ್ತು; ಗಾಳಿ ಇಳಿದದ್ದು ಗೊತ್ತಾಗದೆ ಓಡಿಸಿದ್ದರಿಂದ ಗುಜರಿಗೆ ಹೋಯಿತು.

ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ರೇಡಿಯಲ್ ಟೈರಿನ ಕೆಳಭಾಗ ಸರಿಯಾದ ಗಾಳಿ ಇದ್ದಾಗಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. 33 ಇದ್ದದ್ದು 24ಕ್ಕೆ ಇಳಿದರೆ ಪಳಗಿದ ಕಣ್ಣಿಗೂ ಅನುಮಾನ ಬರುವುದು ಕಷ್ಟ. ಟ್ಯೂಬ್ ಇದ್ದ ಕಾಲದಲ್ಲಿ ಪಂಕ್ಚರ್ ಆದರೆ ಗಾಳಿ ಬೇಗ ಹೋಗಿ ಕಾರೇ ಎಳೆದು ಹೇಳುತ್ತಿತ್ತು. ಟ್ಯೂಬ್‌ಲೆಸ್ಸಿನಲ್ಲಿ ಮೊಳೆ ತಾನೇ ಬಿರಡೆಯಾಗಿ ಕೂತು ದಿನಗಟ್ಟಲೆ ಸೋರುತ್ತದೆ.

ಈ ಕುರುಡುತನಕ್ಕೆ ದೊಡ್ಡ ಬೆಲೆ ತೆತ್ತದ್ದು ಅಮೆರಿಕ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 2000ದಲ್ಲಿ ಅಲ್ಲಿನ ಸಂಸತ್ತು ಟ್ರೆಡ್ ಕಾಯ್ದೆ ತಂದಿತು. ಟೈರು ತಯಾರಿಕೆಯ ದೋಷದ ಜೊತೆಗೆ ಕಡಿಮೆ ಗಾಳಿ, ಬಿಸಿಲು, ಹೊರೆ, ವೇಗ ಎಲ್ಲ ಸೇರಿ ಆದ ಅನಾಹುತ ಅದು. ಆ ಕಾಯ್ದೆಯ ಫಲವಾಗಿ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಟೈರ್ ಪ್ರೆಷರ್ ಮಾನಿಟರಿಂಗ್ ಸಿಸ್ಟಮ್, ಅಂದರೆ ಟಿಪಿಎಂಎಸ್, ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಮಾರುವ ಎಲ್ಲ ಹೊಸ ಕಾರುಗಳಿಗೂ ಬಂತು. ನಮ್ಮಲ್ಲಿ 2020ರಲ್ಲಿ ಬಂದ ತಿದ್ದುಪಡಿಯ ದಾರಿ ಬೇರೆ: ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್, ಟಿಪಿಎಂಎಸ್ ಮೂರೂ ಕೊಟ್ಟರೆ ಕಂಪನಿಯವರು ಸ್ಟೆಪ್ನಿ ಇಲ್ಲದೆ ಕಾರು ಮಾರಬಹುದು. ಹೊರಗಿನಿಂದ ಕಿಟ್ಟು ತಂದು ಹಾಕಿಕೊಂಡವರು ಇದನ್ನು ಓದಿ ಸ್ಟೆಪ್ನಿ ಇಳಿಸಿ ಡಿಕ್ಕಿಯಲ್ಲಿ ಜಾಗ ಮಾಡಿಕೊಳ್ಳುವ ಯೋಚನೆ ಮಾಡಬಾರದು.

ಭಾವನ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು ಹೊಸ ಸೆನ್ಸರೇ ಬೇಡದ ದಾರಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕಾರಿನ ಪ್ರತಿ ಚಕ್ರಕ್ಕೂ ವೇಗ ಅಳೆಯುವ ಸೆನ್ಸರ್ ಇರುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕಡಿಮೆಯಾಗಿ ಆ ಚಕ್ರ ಉಳಿದವುಗಳಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಸಾಫ್ಟ್‌ವೇರ್ ಅದನ್ನು ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕೆಲವು ಕಾರುಗಳಲ್ಲಿ ಎಬಿಎಸ್ ಘಟಕ ಒಪ್ಪಿದರೆ ಕೋಡಿಂಗ್ ಮಾಡಿಯೇ ಇದನ್ನು ಎಬ್ಬಿಸುವವರಿದ್ದಾರೆ. ಭಾವನ ಕಾರಿನ ಘಟಕದಲ್ಲಿ ಆ ಸೌಲಭ್ಯವೇ ಇಲ್ಲವೆಂದು ಸರ್ವಿಸ್ ಸೆಂಟರಿನವರು ಹೇಳಿದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಇದ್ದಿದ್ದರೂ ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ನಾಲ್ಕೂ ಟೈರು ತಿಂಗಳುಗಟ್ಟಲೆ ಒಂದೇ ಸಮ ಇಳಿಯುತ್ತ ಬಂದರೆ ಹೋಲಿಸಿ ನೋಡುವ ಯಂತ್ರಕ್ಕೆ ವ್ಯತ್ಯಾಸ ಕಾಣುವುದೇ ಕಷ್ಟ.

ಎರಡನೆಯದು ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಹೊರ ಸೆನ್ಸರು. ಟೈರು ಕಳಚಬೇಕಿಲ್ಲ, ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು. ಆನ್‌ಲೈನಿನಲ್ಲಿ ಹೆಚ್ಚು ಮಾರಾಟವಾಗುವುದು ಇದೇ. ಭಾವ ಇದನ್ನೇ ತರಿಸಲು ಹೊರಟಿದ್ದರು, ನಾನು ತಡೆದೆ. ಕಾರಣ ಎರಡು.

ಈ ಸೆನ್ಸರು ಒತ್ತಡ ಅಳೆಯಬೇಕಾದರೆ ವಾಲ್ವಿನೊಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದಿರಬೇಕು. ಅಂದರೆ ಗಾಳಿಯನ್ನು ತಡೆಯುವ ಕೆಲಸ ಪಿನ್ನಿನಿಂದ ಸೆನ್ಸರಿನ ಪುಟ್ಟ ರಬ್ಬರ್ ಉಂಗುರಕ್ಕೆ ವರ್ಗವಾಗುತ್ತದೆ. ಆ ಉಂಗುರ ಒಣಗಿ ಬಿರುಕು ಬಿಟ್ಟ ದಿನ, ಸೋರಿಕೆ ಹಿಡಿಯಲೆಂದು ಹಾಕಿದ್ದೇ ಸೋರಿಕೆಗೆ ಕಾರಣ.

ಇನ್ನೊಂದು ಭಾರದ ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ಅಳತೆಯ ಚಕ್ರ ಸೆಕೆಂಡಿಗೆ ಹದಿನೈದು ಸುತ್ತಿನ ಆಸುಪಾಸು ತಿರುಗುತ್ತದೆ. ವಾಲ್ವ್ ಇರುವುದು ಚಕ್ರದ ನಡುವಿನಿಂದ ಸುಮಾರು 17 ಸೆಂ.ಮೀ. ದೂರದಲ್ಲಿ. ಆ ಜಾಗದಲ್ಲಿ ಹೊರಕ್ಕೆಳೆಯುವ ಬಲ ಗುರುತ್ವದ ಸುಮಾರು 150 ಪಟ್ಟು. ಹತ್ತು ಗ್ರಾಂ ಸೆನ್ಸರು ಒಂದೂವರೆ ಕೆ.ಜಿ. ತೂಗುತ್ತ ರಬ್ಬರ್ ವಾಲ್ವಿನ ತುದಿಗೆ ಜೋತುಬಿದ್ದು ಅದನ್ನು ಬಗ್ಗಿಸುತ್ತದೆ. ವರ್ಷಗಟ್ಟಲೆ ಬಿಸಿಲು ಕಂಡ ವಾಲ್ವಾದರೆ ಬುಡದಲ್ಲಿ ಸೀಳು ಬಿಡುತ್ತದೆ. ಲೋಹದ ವಾಲ್ವ್ ಹಾಕಿಸಿದರೆ ಈ ಚಿಂತೆ ಇಲ್ಲ, ಆದರೆ ಅದಕ್ಕೂ ಟೈರು ಕಳಚಲೇಬೇಕು. ಕಳಚುವುದೇ ಆದರೆ ಸೆನ್ಸರನ್ನೇ ಒಳಗೆ ಕೂರಿಸಬಾರದೇಕೆ? ಸಾಲದ್ದಕ್ಕೆ ಈ ಕಾರಿನ ವೀಲ್ ಕ್ಯಾಪಿನಲ್ಲಿ ವಾಲ್ವಿಗೆಂದು ಬಿಟ್ಟ ಕಿಂಡಿಯಲ್ಲಿ ಆ ದಪ್ಪ ಸೆನ್ಸರು ತೂರುತ್ತಲೂ ಇರಲಿಲ್ಲ.

ಹಾಗಾಗಿ ಮೂರನೆಯದು, ರಿಮ್ಮಿನ ಒಳಗೆ ಕೂರುವ ಸೆನ್ಸರು. ಹಿಂದಿನ ಎರಡು ಟೈರು ಹೇಗೂ ಹೊಸದು ಬರುವುದಿತ್ತು, ಕಳಚುವ ಕೂಲಿ ಅರ್ಧ ಉಳಿಯಿತು. ಒಳ ಸೆನ್ಸರುಗಳಲ್ಲಿ ಹೆಚ್ಚಿನವು ಅಲ್ಯುಮಿನಿಯಂ ವಾಲ್ವಿನೊಂದಿಗೆ ಬರುತ್ತವೆ, ಹೊರಗಿನಿಂದ ನಟ್ಟು ಬಿಗಿಯುವಂಥವು. ಅಲಾಯ್ ಚಕ್ರಕ್ಕೆ ಅವು ಚೆನ್ನ. ಕಬ್ಬಿಣದ ರಿಮ್ಮಿನ ಬಾಗು ಬೇರೆ ಇರುವುದರಿಂದ ಸೆನ್ಸರಿನ ದೇಹ ಒಂದು ಮೂಲೆಯಲ್ಲಿ ಎತ್ತಿಕೊಂಡು ನಿಲ್ಲಬಹುದು. ಮಾಮೂಲಿ ಟ್ಯೂಬ್‌ಲೆಸ್ ವಾಲ್ವಿನಂತೆಯೇ ಸೋಪು ನೀರು ಸವರಿ ಎಳೆದು ಕೂರಿಸುವ ರಬ್ಬರ್ ವಾಲ್ವಿನ ಸೆನ್ಸರೂ ಇದೆ, ಸ್ವಲ್ಪ ಹುಡುಕಬೇಕು. ಅದರ ವೇಗದ ಮಿತಿ ಕಡಿಮೆ ಎನ್ನುತ್ತಾರೆ, ಆದರೆ ನಮ್ಮ ಹೆದ್ದಾರಿಯ ವೇಗಕ್ಕೆ ಅದು ಬೇಕಾದಷ್ಟಾಯಿತು. ಈ ಕಾರಿಗೆ ಆಯ್ದದ್ದು ಅದನ್ನೇ: ನಾಲ್ಕು ಸೆನ್ಸರು, ಡ್ಯಾಶ್‌ಬೋರ್ಡಿನ ಮೇಲಿಡುವ ಒಂದು ಪುಟ್ಟ ಡಿಸ್‌ಪ್ಲೇ. ಸೆನ್ಸರುಗಳು ಮಾತಾಡುವುದು 433 ಮೆಗಾಹರ್ಟ್ಸ್ ರೇಡಿಯೊದಲ್ಲಿ. ಅಮೆರಿಕದಿಂದ ಯಾರಾದರೂ ಅಗ್ಗಕ್ಕೆ ತಂದುಕೊಡುವ ಸೆನ್ಸರುಗಳಲ್ಲಿ ಬಹಳಷ್ಟು 315ರವು. 433ರ ಡಿಸ್‌ಪ್ಲೇಗೆ ಅವು ಕೇಳಿಸುವುದೇ ಇಲ್ಲ.

ಹಾಕಿಸಿದ್ದು ಪುತ್ತೂರಿನ ಒಂದು ಟೈರು ಅಂಗಡಿಯಲ್ಲಿ. ಕೂರಿಸುವ ಮೊದಲೇ ಪ್ರತಿ ಸೆನ್ಸರಿನ ಮೇಲೆ ಯಾವ ಚಕ್ರಕ್ಕೆ ಎಂದು ಬರೆದಿದ್ದನ್ನು ನೋಡಿ, ಅದರ ಐಡಿ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಂಡೆವು. ಟೈರಿನೊಳಗೆ ಸೇರಿದ ಮೇಲೆ ಅದನ್ನು ಓದುವ ದಾರಿ ಇಲ್ಲ. ಅಂಗಡಿಯವರಿಗೆ ಹೇಳಬೇಕಾದ ಮಾತು ಒಂದೇ ಒಂದು, ಆದರೆ ಅದನ್ನು ಮರೆತರೆ ದುಡ್ಡು ನೀರುಪಾಲು: ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು) ಬಿಡಿಸುವ ಯಂತ್ರದ ಅಲಗು ವಾಲ್ವಿನ ಹತ್ತಿರ ಬರಕೂಡದು, ವಾಲ್ವಿಗೆ ಎದುರು ಬದಿಯಿಂದ ಶುರುಮಾಡಬೇಕು. ಮುಂದೆ ಯಾವ ಊರಿನ ಯಾವ ಪಂಕ್ಚರ್ ಅಂಗಡಿಯಲ್ಲಿ ಟೈರು ಕಳಚುತ್ತಾರೋ ಹೇಳಲಾಗದು. ರಬ್ಬರ್ ವಾಲ್ವ್ ಹೊರಗಿನಿಂದ ಮಾಮೂಲಿಯಂತೆಯೇ ಕಾಣುವುದರಿಂದ ಒಳಗೆ ಸೆನ್ಸರಿದೆ ಎಂದು ಅವರಿಗೆ ತೋಚುವುದೂ ಇಲ್ಲ. ಅದಕ್ಕೆ ಭಾವ ನಾಲ್ಕೂ ರಿಮ್ಮಿನ ಮೇಲೆ ವಾಲ್ವಿನ ಪಕ್ಕ ಹಳದಿ ಪೇಂಟಿನಲ್ಲಿ ಚುಕ್ಕಿ ಇಟ್ಟು ‘ಒಳಗೆ ಸೆನ್ಸರ್’ ಎಂದು ಬರೆಸಿದರು. ವೀಲ್ ಕ್ಯಾಪ್ ತೆಗೆದರೆ ಕಾಣುತ್ತದೆ.

ಸೆನ್ಸರು ಮೂವತ್ತು ಗ್ರಾಂ ಸುಮಾರಿಗೆ ತೂಗುವುದರಿಂದ ಬ್ಯಾಲೆನ್ಸಿಂಗ್ ಹೊಸದಾಗಿ ಆಗಲೇಬೇಕು, ಆಯಿತು. ನೈಟ್ರೋಜನ್ ತುಂಬಿಸುತ್ತೀರಾ ಎಂದು ಕೇಳಿದರು, ಬೇಡವೆಂದೆವು. ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅದೇ ಇದೆ, ಬಿಸಿಗೆ ಎರಡೂ ಹಿಗ್ಗುವುದು ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ. ಪಂಕ್ಚರ್ ತಡೆಯುವ ಲಿಕ್ವಿಡ್ಡಿಗೂ ಬೇಡವೆಂದೆವು, ಅದು ಸೆನ್ಸರಿನ ಕಿಂಡಿಗೆ ಮೆತ್ತಿಕೊಂಡರೆ ಓದುವುದು ನಿಂತಂತೆ.

ಕಾರು ಅಲ್ಲಾಡದೆ ನಿಂತಿದ್ದಾಗ ಸೆನ್ಸರುಗಳು ನಿದ್ದೆ ಮಾಡುತ್ತವೆ, ಬ್ಯಾಟರಿ ಉಳಿಸಲು. ಚಕ್ರ ತಿರುಗಿದ ಮೇಲೇ ಡಿಸ್‌ಪ್ಲೇಗೆ ಸುದ್ದಿ ಬರುವುದು. ಅಂಗಡಿಯಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲ್ಕೂ ಅಂಕಿ ಬಂದವು. ಮರುದಿನ ಬೆಳಿಗ್ಗೆ ಟೈರು ತಣ್ಣಗಿದ್ದಾಗ ಭಾವನ ಬಳಿಯಿದ್ದ ಮುಳ್ಳಿನ ಗೇಜಿನಲ್ಲಿ 33ಕ್ಕೆ ಸರಿಮಾಡಿದರೆ ಡಿಸ್‌ಪ್ಲೇಯಲ್ಲೂ 33. ಕೆಲಸ ಮುಗಿಯಿತೆಂದುಕೊಂಡೆವು.

ನಿಜವಾದ ಪ್ರಕರಣ ಆಮೇಲೆ. ಸಕಲೇಶಪುರದಿಂದ ಫೋನು ಬಂತು, ಡಿಸ್‌ಪ್ಲೇಯಲ್ಲಿ 36, 37 ತೋರಿಸುತ್ತಿದೆ, ಸ್ವಲ್ಪ ಗಾಳಿ ಬಿಡಲೋ ಎಂದು. ಬೇಡ ಭಾವ ಎಂದೆ. ಸಂಜೆ ಬೆಂಗಳೂರು ಮುಟ್ಟಿ, ಮರುದಿನ ಮುಂಜಾನೆ ಬಂಕಿಗೆ ಹೋಗಿ ಬಂದವರ ಮುಖ ಗಂಟಿಕ್ಕಿತ್ತು.

“ಎಂತ ಮಾರಾಯ ಇದು? ಬಂಕಿನ ಮೀಟರ್ 33 ಹೇಳ್ತದೆ, ನನ್ನ ಗೇಜೂ 33 ಹೇಳ್ತದೆ. ಈ ಪೆಟ್ಟಿಗೆ ಮಾತ್ರ 31. ಊರಲ್ಲಿ ಸರಿ ಇದ್ದದ್ದು ಘಾಟಿ ಹತ್ತಿದ ಕೂಡಲೇ ಹಾಳಾಯಿತಾ?”

“ನಾಲ್ಕೂ ಟೈರಿನದ್ದು 31ಏ?”

“ನಾಲ್ಕೂ.”

ನಾಲ್ಕು ಸೆನ್ಸರು ಒಂದೇ ರಾತ್ರಿ ಒಂದೇ ಅಳತೆಯಲ್ಲಿ ಕೆಡುವುದಿಲ್ಲ. ಕಾರಣ ಸೆನ್ಸರಿನಲ್ಲಲ್ಲ, ಊರಿನ ಎತ್ತರದಲ್ಲಿ ಇರಬೇಕು.

ಮುಳ್ಳಿನ ಗೇಜು ಅಳೆಯುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸ. ಟೈರಿನೊಳಗೆ ಮುಚ್ಚಿಹೋದ ಸೆನ್ಸರಿಗೆ ಹೊರಗಿನ ಗಾಳಿ ಸಿಗುವುದಿಲ್ಲ. ಅದು ಅಳೆಯುವುದು ಒಳಗಿನ ಪೂರ್ತಿ ಒತ್ತಡವನ್ನು. ಅದರಿಂದ ವಾತಾವರಣದ ಒತ್ತಡವನ್ನು ಕಳೆದು ತೋರಿಸುವ ಕೆಲಸ ಡಿಸ್‌ಪ್ಲೇಯದ್ದು. ಇಂಥ ಅಗ್ಗದ ಕಿಟ್ಟುಗಳು ಕಳೆಯುವುದು ಒಂದು ಸ್ಥಿರ ಸಂಖ್ಯೆಯನ್ನು, ಸಮುದ್ರಮಟ್ಟದ 14.7 ಪಿಎಸ್ಐಯನ್ನು. ಊರು ಎಷ್ಟು ಎತ್ತರದಲ್ಲಿದೆ ಎಂಬುದು ಅವಕ್ಕೆ ಗೊತ್ತಿಲ್ಲ.

ಪುತ್ತೂರು ಇರುವುದು ಸಮುದ್ರಮಟ್ಟದಿಂದ ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿ. ಅಲ್ಲಿ ವಾತಾವರಣದ ಒತ್ತಡ ಸುಮಾರು 14.5. ಬೆಳಿಗ್ಗೆ 28 ಡಿಗ್ರಿಯಲ್ಲಿ ಗೇಜಿನಲ್ಲಿ 33 ತುಂಬಿದರೆ ಒಳಗಿನ ಪೂರ್ತಿ ಒತ್ತಡ 47.5. ಡಿಸ್‌ಪ್ಲೇ 14.7 ಕಳೆದು 32.8 ಎಂದುಕೊಂಡು 33 ತೋರಿಸುತ್ತದೆ. ಬೆಂಗಳೂರು 900 ಮೀಟರಿಗೂ ಮೇಲೆ, ವಾತಾವರಣ 13.2ರ ಹತ್ತಿರ. ಆವತ್ತು ಮುಂಜಾನೆ ಚಳಿ ಇತ್ತು, 19 ಡಿಗ್ರಿ ಎಂದಿಟ್ಟುಕೊಳ್ಳಿ. ಒಂಬತ್ತು ಡಿಗ್ರಿ ತಣ್ಣಗಾದ್ದರಿಂದ ಒಳಗಿನ ಒತ್ತಡ 46.1ಕ್ಕೆ ಇಳಿಯಿತು. ಗೇಜು ಅದರಿಂದ 13.2 ಕಳೆದು 32.9 ಎನ್ನುತ್ತದೆ. ಡಿಸ್‌ಪ್ಲೇ 14.7 ಕಳೆದು 31.4 ಎನ್ನುತ್ತದೆ. ಚಳಿ ಕಳೆದದ್ದನ್ನು ಎತ್ತರ ತುಂಬಿಕೊಟ್ಟಿದ್ದರಿಂದ ಗೇಜಿನ ಮುಳ್ಳು ಕದಲದಂತೆ ಕಂಡಿತು. ಡಿಸ್‌ಪ್ಲೇಗೆ ಕಂಡದ್ದು ಚಳಿ ಮಾತ್ರ.

ಭಾವ ಇಷ್ಟಕ್ಕೇ ಒಪ್ಪುವವರಲ್ಲ. ಪುಣ್ಯಕ್ಕೆ ಮಗಳ ಫೋನಿನಲ್ಲಿ ವಾತಾವರಣದ ಒತ್ತಡ ಅಳೆಯುವ ಬ್ಯಾರೊಮೀಟರ್ ಇತ್ತು. ಬೆಂಗಳೂರಿನ ಮನೆಯಲ್ಲಿ 910 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸಿದ್ದು, ರಜೆಗೆ ಊರಿಗೆ ಬಂದಾಗ ಸಾವಿರ ದಾಟಿತು. ಆ ವ್ಯತ್ಯಾಸವನ್ನು ಪಿಎಸ್ಐಗೆ ತಿರುಗಿಸಿದರೆ ಒಂದೂಕಾಲು, ಒಂದೂವರೆಯ ನಡುವೆ. ಊರಿಗಿಳಿದ ಮೇಲೆ ಗೇಜೂ ಡಿಸ್‌ಪ್ಲೇಯೂ ಮತ್ತೆ ಒಂದಾದವು. ಆಮೇಲೆ ಅವರೇ ಬಂದವರಿಗೆಲ್ಲ ಲೆಕ್ಕ ಹೇಳಲು ಶುರುಮಾಡಿದರು: ಮಡಿಕೇರಿಗೆ ಹೋದರೆ ಡಿಸ್‌ಪ್ಲೇ ಸುಮಾರು ಎರಡು ಕಡಿಮೆ ಹೇಳ್ತದೆ, ಹೆದರುವುದು ಬೇಡ.

ಸಕಲೇಶಪುರದ 37ರ ಕಥೆ ಸುಲಭ. ಓಡಿದ ಟೈರಿನೊಳಗಿನ ಗಾಳಿ 50 ಡಿಗ್ರಿ ದಾಟಿತ್ತು. ಹತ್ತು ಡಿಗ್ರಿ ಏರಿದರೆ ಈ ಒತ್ತಡದಲ್ಲಿ ಒಂದೂವರೆ ಪಿಎಸ್ಐ ಏರುತ್ತದೆ. ಸ್ಟಿಕ್ಕರಿನ 33 ಎಂಬುದು ತಣ್ಣಗಿನ ಟೈರಿನ ಲೆಕ್ಕ, ಕಾದಾಗ ಏರುವುದನ್ನು ಟೈರು ಮಾಡಿದವರು ಮೊದಲೇ ಎಣಿಸಿರುತ್ತಾರೆ. ಬಿಸಿಯಲ್ಲಿ ಬಿಟ್ಟು 33ಕ್ಕೆ ತಂದರೆ ರಾತ್ರಿ ತಣಿದಾಗ 30ಕ್ಕಿಂತ ಕೆಳಗಿರುತ್ತದೆ. ಆವತ್ತು ಬಲಗಡೆಯ ಎರಡು ಟೈರು ಎಡಗಡೆಯವಕ್ಕಿಂತ ಒಂದು ಅಂಕಿ ಜಾಸ್ತಿ ಇದ್ದದ್ದೂ ಭಾವನ ಕಣ್ಣಿಗೆ ಬಿದ್ದಿತ್ತು. ಚಳಿಗಾಲ, ಕಾರು ಪೂರ್ವಕ್ಕೆ ಹೊರಟದ್ದು, ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಬಿಸಿಲು ಬೀಳುವುದು ಬಲಪಕ್ಕಕ್ಕೆ.

ಅಲಾರಂ ಎಷ್ಟಕ್ಕೆ ಇಡಬೇಕೆಂಬುದು ಈ ಲೆಕ್ಕ ತಿಳಿದ ಮೇಲೆ ಇತ್ಯರ್ಥವಾಯಿತು. ಅಮೆರಿಕದ ನಿಯಮ ಸ್ಟಿಕ್ಕರಿನ ಅಂಕಿಗಿಂತ ಶೇ. 25 ಇಳಿದಾಗ ದೀಪ ಹತ್ತಲಿ ಎನ್ನುತ್ತದೆ. 33ಕ್ಕೆ ಅದು ಸುಮಾರು 25. ನನ್ನ ಲೆಕ್ಕದಲ್ಲಿ ಅದು ತಡವಾಯಿತು. ಹೊರೆ ತುಂಬಿ ಘಾಟಿ ಹತ್ತುವ ಕಾರಿಗೆ 25 ತೀರ ಕಡಿಮೆ. ಭಾವ 30 ಇಡೋಣ ಎಂದರು. ಚಿಕ್ಕಮಗಳೂರಿನ 12 ಡಿಗ್ರಿಯ ಮುಂಜಾವಿನಲ್ಲಿ ಏನೂ ಸೋರದ ಟೈರೂ ಈ ಡಿಸ್‌ಪ್ಲೇಯಲ್ಲಿ 30ಕ್ಕೆ ಬಂದು ನಿಲ್ಲುತ್ತದೆ. ದಿನಾ ಬೆಳಿಗ್ಗೆ ಸುಮ್ಮನೆ ಕೂಗುವ ಅಲಾರಮ್ಮನ್ನು ಯಾರಾದರೂ ಆಫ್ ಮಾಡಿಯೇ ಮಾಡುತ್ತಾರೆ. 28ಕ್ಕೆ ಇಟ್ಟೆವು. ಜಾಸ್ತಿಯ ಅಲಾರಂ 44ಕ್ಕೆ, ಬಿಸಿಯ ಅಲಾರಂ 75 ಡಿಗ್ರಿಗೆ.

ಅದು ಕೂಗುವ ಮೊದಲೇ ಕೆಲಸಕ್ಕೆ ಬಂತು. ಒಂದು ಮಳೆಗಾಲದ ಬೆಳಿಗ್ಗೆ ಮೂರು ಟೈರು 33 ಇದ್ದಾಗ ಮುಂದಿನ ಎಡಗಡೆಯದು 31. ಎರಡು ದಿನ ಬಿಟ್ಟು ಅದು 30, ಉಳಿದವು ಅಲ್ಲೇ. ನಾಲ್ಕೂ ಒಟ್ಟಿಗೆ ಇಳಿದರೆ ಹವೆ, ಒಂದೇ ಇಳಿದರೆ ಸೋರಿಕೆ. ಸೋಪು ನೀರು ಹಾಕಿ ನೋಡಿದರೆ ಟೈರಿನ ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಇರಲಿಲ್ಲ. ರಿಮ್ಮಿನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತಿದ್ದವು. ಕರಾವಳಿಯ ಮಳೆಗೆ ಕಬ್ಬಿಣದ ರಿಮ್ಮಿಗೆ ಬೀಡ್ ಕೂರುವ ಜಾಗದಲ್ಲಿ ತುಕ್ಕು ಹಿಡಿದಿತ್ತು. ಕಳಚಿ, ತುಕ್ಕು ಉಜ್ಜಿ, ಬೀಡ್ ಸೀಲರ್ ಹಚ್ಚಿ ಕೂರಿಸಿದರು. ರಿಮ್ಮಿನ ಮೇಲಿನ ಹಳದಿ ಅಕ್ಷರ ಓದಿದ ಹುಡುಗ ತಾನಾಗಿಯೇ ಯಂತ್ರವನ್ನು ವಾಲ್ವಿನ ಎದುರು ಬದಿಗೆ ತಿರುಗಿಸಿಕೊಂಡ.

ಇದರಿಂದ ಆಗದ್ದೂ ಇದೆ. ಗುಂಡಿಗೆ ಬಡಿದು ಪಕ್ಕೆ ಒಮ್ಮೆಲೇ ಹರಿದರೆ ಅಲಾರಂ ಕೂಗುವಷ್ಟರಲ್ಲಿ ಸ್ಟೀರಿಂಗೇ ಹೇಳಿಯಾಗಿರುತ್ತದೆ. ಟೈರು ಹಳೆಯದಾಗಿ ಗಟ್ಟಿಯಾದದ್ದು, ಪಕ್ಕೆಯಲ್ಲಿ ಬುಗುಟು ಎದ್ದದ್ದು, ಅಲೈನ್‌ಮೆಂಟ್ ತಪ್ಪಿ ಒಂದೇ ಕಡೆ ಸವೆದದ್ದು ಸೆನ್ಸರಿಗೆ ಕಾಣುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಡಿಸ್‌ಪ್ಲೇಯ ಬ್ಯಾಟರಿ ಬೇಯುತ್ತದೆ; ಭಾವ ಅದನ್ನು ಸ್ಟೀರಿಂಗಿನ ಹಿಂದಿನ ನೆರಳಿಗೆ ಅಂಟಿಸಿ ಯುಎಸ್‌ಬಿ ವೈರ್ ಎಳೆದಿದ್ದಾರೆ. ಸ್ಟೆಪ್ನಿಗೆ ಸೆನ್ಸರಿಲ್ಲ. ಅದನ್ನು ಹಾಕಿಕೊಂಡು ಓಡುವಾಗ ಡಿಸ್‌ಪ್ಲೇ ಆ ಚಕ್ರದ ಸಿಗ್ನಲ್ ಇಲ್ಲವೆಂದು ಗೊಣಗುತ್ತಲೇ ಇರುತ್ತದೆ, ಜೊತೆಗೆ ಡಿಕ್ಕಿಯಲ್ಲಿ ಮಲಗಿರುವ ಅದರ ಗಾಳಿಯನ್ನು ತಿಂಗಳಿಗೊಮ್ಮೆ ಕೈಯಾರೆ ನೋಡಬೇಕು.

ಟೈರು ರೊಟೇಶನ್ ಮಾಡಿಸಿದಾಗ ಹಿಂದಿನ ಚಕ್ರ ಮುಂದೆ ಬಂದರೂ ಡಿಸ್‌ಪ್ಲೇ ಅದನ್ನು ಹಿಂದಿನದೆಂದೇ ತಿಳಿದಿರುತ್ತದೆ. ಮೆನುವಿನಲ್ಲಿ ಸ್ಥಾನ ಅದಲುಬದಲು ಮಾಡುವ ಆಯ್ಕೆ ಇದೆ, ಗೊಂದಲವಾದರೆ ಮೊದಲು ತೆಗೆದಿಟ್ಟ ಐಡಿ ಫೋಟೊ ಇದೆ. ಅದಕ್ಕಿಂತ ಸುಲಭದ ಪರೀಕ್ಷೆ ಭಾವನದು: ಒಂದು ಚಕ್ರದಿಂದ ಎರಡು ಪಿಎಸ್ಐ ಬಿಟ್ಟು ಸ್ವಲ್ಪ ದೂರ ಓಡಿಸಿ, ಡಿಸ್‌ಪ್ಲೇಯ ಯಾವ ಮೂಲೆಯ ಅಂಕಿ ಇಳಿಯಿತು ಎಂದು ನೋಡುವುದು. ಸೆನ್ಸರಿನೊಳಗಿನ ಬ್ಯಾಟರಿ ಮುಚ್ಚಿ ಅಚ್ಚು ಹಾಕಿದ್ದು, ಬದಲಿಸಲು ಬರುವುದಿಲ್ಲ. ಐದಾರು ವರ್ಷ ಬಂದರೆ ಈ ಟೈರುಗಳ ಆಯುಸ್ಸೂ ಅಷ್ಟರಲ್ಲೇ ಮುಗಿದಿರುತ್ತದೆ. ಮುಂದಿನ ಸಲ ಟೈರು ಬದಲಿಸುವಾಗ ಸೆನ್ಸರನ್ನೂ ಜೊತೆಗೇ ಬದಲಿಸುವುದೆಂದು, ಕಳಚುವ ಕೂಲಿ ಎರಡು ಸಲ ಕೊಡುವುದು ಬೇಡವೆಂದು, ಈಗಲೇ ತೀರ್ಮಾನವಾಗಿದೆ.